ಮುದ್ದೆ, ಉಪ್ಸಾರು, ಅರ್ಧ ನಿಂಬೆಹಣ್ಣು: ರಕ್ತ ಕಡಿಮೆ ಇರುವವರು ಮನೆಯಲ್ಲಿ ಏನು ಮಾಡಬೇಕು?

ಹೋದ ವರ್ಷ ಸಂಕ್ರಾಂತಿಗೆ ಅಕ್ಕನ ಮನೆಗೆ ಹೋಗಿದ್ದೆ. ಮದ್ದೂರಿನ ಹತ್ತಿರದ ಹಳ್ಳಿ. ಎಳ್ಳು ಬೀರಲು ಹೊರಟ ಅಕ್ಕ ನಾಲ್ಕು ಮನೆ ಮುಗಿಸುವಷ್ಟರಲ್ಲಿ ಯಾರದೋ ಜಗುಲಿಯ ಮೇಲೆ ಕೂತುಬಿಟ್ಟಳು. "ಏನೋ ಕಣೆ, ಮೆಟ್ಲು ಹತ್ತುದ್ರೆ ಎದೆ ಡವಡವ ಅಂತದೆ" ಅಂದಳು. ಅವಳ ಕಣ್ಣಿನ ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿದೆ. ಒಳಗೆ ಕೆಂಪಗೆ ಇರಬೇಕಾದ ಜಾಗ ಬಿಳಿಚಿಕೊಂಡಿತ್ತು. ಹಬ್ಬ ಮುಗಿದ ಮೇಲೆ ಮಂಡ್ಯಕ್ಕೆ ಹೋಗಿ ರಕ್ತ ಪರೀಕ್ಷೆಗೆ ಕೊಟ್ಟೆವು. ಹಿಮೋಗ್ಲೋಬಿನ್ 8.6 ಬಂತು.

ಅಕ್ಕ ಊಟ ಬಿಡುವವಳಲ್ಲ. ದಿನಾ ರಾಗಿ ಮುದ್ದೆ, ವಾರಕ್ಕೆ ನಾಲ್ಕು ದಿನ ಸೊಪ್ಪು, ಕಾಳು. ಹಾಗಾದರೆ ರಕ್ತ ಯಾಕೆ ಇಲ್ಲ? ಮೈಸೂರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೂ ಮೊದಲು ಇದೇ ಪ್ರಶ್ನೆ ಬಂತು. ಅವಳ ಜೊತೆ ಕೂತು ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿಂತಾಳೆ, ಯಾವಾಗ ಕುಡೀತಾಳೆ ಅಂತ ಬರೆದುಕೊಂಡೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವಳ ತಟ್ಟೆಯಲ್ಲಿ ಕಬ್ಬಿಣಾಂಶ ಇತ್ತು. ಆದರೆ ಅದು ಕರುಳಿನಿಂದ ರಕ್ತಕ್ಕೆ ಸೇರುತ್ತಿರಲಿಲ್ಲ. ಈ ಲೇಖನ ಅದರ ಬಗ್ಗೆ. ತಿನ್ನುವುದನ್ನು ಬದಲಾಯಿಸುವುದಕ್ಕಿಂತ, ಯಾವುದರ ಜೊತೆ ಯಾವುದು, ಯಾವುದಾದ ಮೇಲೆ ಯಾವುದು ಅನ್ನುವುದನ್ನು ಬದಲಾಯಿಸಿದರೆ ನಮ್ಮ ಮನೆ ಊಟವೇ ಎಷ್ಟೋ ಕೆಲಸ ಮಾಡುತ್ತದೆ.

ಇದು ಅಕ್ಕ ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ನಿಮ್ಮ ಮನೆಯಲ್ಲಿ ನಾಲ್ಕು ಜನ ಹೆಂಗಸರಿದ್ದರೆ ಅವರಲ್ಲಿ ಇಬ್ಬರಿಗೆ ಇರಬಹುದು ಅಂತ ಅರ್ಥ.

ಮೊದಲು ಪರೀಕ್ಷೆ

ಸುಸ್ತು ಅಂದ ಕೂಡಲೇ ಟಾನಿಕ್ ತರುವ ಅಭ್ಯಾಸ ನಮ್ಮಲ್ಲಿದೆ. ಅಕ್ಕನಿಗೂ ಒಂದು ಕ್ಲಿನಿಕ್ಕಿನಲ್ಲಿ ಒಂದು ವರ್ಷದ ಹಿಂದೆ ಬಾಟಲಿ ಬರೆದುಕೊಟ್ಟಿದ್ದರು, ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಹಾಗೆ ಮಾಡಬೇಡಿ. ಸಿಬಿಸಿ ಅನ್ನುವ ಸಾಮಾನ್ಯ ರಕ್ತ ಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ಆಗುತ್ತದೆ. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಹಿಮೋಗ್ಲೋಬಿನ್ ಎಲ್ಲಿ ನೋಡುತ್ತಾರೆ ಅಂತ ಹೇಳುತ್ತಾರೆ.

ರಿಪೋರ್ಟ್ ಕೈಗೆ ಬಂದಾಗ ಎರಡು ಸಾಲು ನೋಡಿ. ಮೊದಲನೆಯದು ಹಿಮೋಗ್ಲೋಬಿನ್, ಎಲ್ಲರೂ ಎಚ್‌ಬಿ ಅನ್ನುವುದು. ದೊಡ್ಡ ಹೆಂಗಸರಿಗೆ 12ಕ್ಕಿಂತ ಕಡಿಮೆ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಬಸುರಿಯರಿಗೆ ಸಾಮಾನ್ಯವಾಗಿ 11ರ ಗಡಿ ಇಟ್ಟುಕೊಳ್ಳುತ್ತಾರೆ. 8ಕ್ಕಿಂತ ಕೆಳಗಿದ್ದರೆ ಅದು ತೀವ್ರ. ಆಗ ಸೊಪ್ಪು, ನಿಂಬೆಹಣ್ಣು ಅಂತ ಕೂರುವ ಹಾಗಿಲ್ಲ, ನೇರ ಡಾಕ್ಟರ ಹತ್ತಿರ ಹೋಗಬೇಕು.

ಎರಡನೇ ಸಾಲು ಎಂಸಿವಿ. ಇದನ್ನು ಯಾರೂ ನೋಡುವುದಿಲ್ಲ, ಆದರೆ ನನಗೆ ಬಹಳ ಇಷ್ಟವಾದ ಸಾಲು ಇದು. ಕೆಂಪು ರಕ್ತಕಣ ಎಷ್ಟು ದಪ್ಪ ಇದೆ ಅಂತ ಇದು ಹೇಳುತ್ತದೆ. 80ಕ್ಕಿಂತ ಕಡಿಮೆ ಇದ್ದರೆ ಕಣಗಳು ಸಣ್ಣಗಿವೆ, ಹೆಚ್ಚಾಗಿ ಕಬ್ಬಿಣಾಂಶದ ಕೊರತೆ. 100 ದಾಟಿದ್ದರೆ ಕಣಗಳು ದಪ್ಪಗಿವೆ, ವಿಟಮಿನ್ ಬಿ12 ಅಥವಾ ಫೋಲಿಕ್ ಆಸಿಡ್ ಕಡಿಮೆ ಇರಬಹುದು. ಎರಡೂ ಕೊರತೆ ಒಟ್ಟಿಗೆ ಇದ್ದರೆ ಎಂಸಿವಿ ಸರಿ ಇದ್ದಂತೆ ಕಂಡು ಮೋಸ ಮಾಡುವುದೂ ಉಂಟು. ಅನುಮಾನ ಇದ್ದರೆ ಡಾಕ್ಟರು ಫೆರಿಟಿನ್ ಪರೀಕ್ಷೆ ಬರೆಯುತ್ತಾರೆ. ದೇಹದ ಉಗ್ರಾಣದಲ್ಲಿ ಎಷ್ಟು ಕಬ್ಬಿಣ ಉಳಿದಿದೆ ಅಂತ ಅದು ತೋರಿಸುತ್ತದೆ. ಅಕ್ಕನ ಎಂಸಿವಿ 71 ಇತ್ತು.

ಇನ್ನೊಂದು ಗುರುತು ಹೇಳಲೇಬೇಕು. ಅಕ್ಕಿ ಆರಿಸುವಾಗ ಅಕ್ಕ ಒಂದೊಂದೇ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾವು ಅದನ್ನು ಚಿಕ್ಕಂದಿನ ಅಭ್ಯಾಸ ಅಂದುಕೊಂಡಿದ್ದೆವು. ಹಸಿ ಅಕ್ಕಿ, ಬಳಪ, ಮಣ್ಣು, ವಿಭೂತಿ ಗಟ್ಟಿ, ಐಸ್ ತುಂಡು ತಿನ್ನಬೇಕು ಅನ್ನಿಸುವುದು ಕಬ್ಬಿಣಾಂಶ ಕಡಿಮೆ ಇರುವವರಲ್ಲಿ ತುಂಬಾ ಕಾಣುವ ಲಕ್ಷಣ. ಮಕ್ಕಳು ಬಳಪ ತಿಂದರೆ ಬೈದು ಸುಮ್ಮನಾಗಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ರಕ್ತ ಎಲ್ಲಿ ಸೋರುತ್ತಿದೆ?

ಸೋರುವ ಕೊಡಕ್ಕೆ ಎಷ್ಟು ನೀರು ಹಾಕಿದರೂ ತುಂಬುವುದಿಲ್ಲ ಅಲ್ವಾ? ಹಾಗೇ ಇದು. ನಮ್ಮ ಮೂಳೆಯ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಹುಟ್ಟುತ್ತವೆ. ಒಂದೊಂದು ಕಣ ಸುಮಾರು 120 ದಿನ ಬದುಕುತ್ತದೆ. ಸತ್ತ ಕಣದ ಕಬ್ಬಿಣವನ್ನು ದೇಹ ಬಿಸಾಡುವುದಿಲ್ಲ, ಹೊಸ ಕಣಕ್ಕೆ ಹಾಕಿಕೊಳ್ಳುತ್ತದೆ. ಹಾಗಾಗಿ ರಕ್ತ ಹೊರಗೆ ಹೋಗದಿದ್ದರೆ ದಿನಕ್ಕೆ 1 ಮಿಲಿಗ್ರಾಂನಷ್ಟು ಕಬ್ಬಿಣ ಒಳಗೆ ಸೇರಿದರೂ ಸಾಕಾಗುತ್ತದೆ. ತೊಂದರೆ ಶುರುವಾಗುವುದು ರಕ್ತ ಹೊರಗೆ ಹೋದಾಗ.

ಹೆಣ್ಣುಮಕ್ಕಳಲ್ಲಿ ಮೊದಲ ಕಾರಣ ಮುಟ್ಟು. ಒಂದೆರಡು ಗಂಟೆಗೆ ಒಂದು ಪ್ಯಾಡ್ ತೊಯ್ದುಹೋಗುವುದು, ಗೆಡ್ಡೆ ಗೆಡ್ಡೆಯಾಗಿ ಹೋಗುವುದು, ಏಳು ದಿನಕ್ಕಿಂತ ಜಾಸ್ತಿ ಇರುವುದು, ಇವು ಮಾಮೂಲಿ ಅಲ್ಲ. "ಎಲ್ಲರಿಗೂ ಹಾಗೇ ಇರುತ್ತೆ" ಅಂತ ಅಕ್ಕ ಹತ್ತು ವರ್ಷ ತಡೆದುಕೊಂಡಿದ್ದಳು. ಸ್ತ್ರೀರೋಗ ತಜ್ಞರು ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಸಣ್ಣ ಗೆಡ್ಡೆ ಕಂಡಿತು, ಔಷಧಿಯಲ್ಲೇ ಹತೋಟಿಗೆ ಬಂತು. ದಯವಿಟ್ಟು ನಾಚಿಕೊಳ್ಳದೆ ಹೇಳಿ. ಮನೆಯ ಗಂಡಸರೂ ಕೇಳಿ ತಿಳಿದುಕೊಳ್ಳಿ.

ಎರಡನೆಯದು ಕೊಕ್ಕೆಹುಳು. ಮಂಡ್ಯ ನಾಲೆ ನೀರಿನ ಜಿಲ್ಲೆ. ಭತ್ತದ ಗದ್ದೆಯಲ್ಲಿ ನಾಟಿ ಹಾಕುವವರು, ಕಬ್ಬಿನ ಗದ್ದೆಗೆ ನೀರು ಕಟ್ಟುವವರು ಬರಿಗಾಲಲ್ಲಿ ಒದ್ದೆ ಮಣ್ಣಲ್ಲಿ ನಿಲ್ಲುತ್ತಾರೆ. ಬಯಲಲ್ಲಿ ಮಲ ಬಿದ್ದ ಮಣ್ಣಿನಲ್ಲಿ ಈ ಹುಳುವಿನ ಮರಿಗಳು ಇರುತ್ತವೆ. ಅವು ಪಾದದ ಚರ್ಮ ಕೊರೆದು ಒಳಗೆ ಹೋಗುತ್ತವೆ, ರಕ್ತದಲ್ಲಿ ಶ್ವಾಸಕೋಶಕ್ಕೆ ಸೇರಿ, ಅಲ್ಲಿಂದ ಗಂಟಲಿಗೆ ಹತ್ತಿ, ಎಂಜಲಿನ ಜೊತೆ ಹೊಟ್ಟೆಗೆ ಇಳಿಯುತ್ತವೆ. ಕೊನೆಗೆ ಸಣ್ಣ ಕರುಳಿನ ಗೋಡೆ ಕಚ್ಚಿ ಕೂರುತ್ತವೆ. ಒಂದೊಂದು ಹುಳು, ಅದರ ಜಾತಿ ನೋಡಿಕೊಂಡು, ದಿನಕ್ಕೆ 0.03ರಿಂದ 0.2 ಮಿಲಿಲೀಟರ್ ರಕ್ತ ಕಳೆಯುತ್ತದೆ. ನೂರು ಹುಳು ಇದ್ದರೆ ಲೆಕ್ಕ ನೀವೇ ಹಾಕಿ. ಇದಕ್ಕೆ ಔಷಧಿ ಸುಲಭ: ಆಲ್ಬೆಂಡಜೋಲ್ 400 ಮಿಲಿಗ್ರಾಂ, ಸಾಮಾನ್ಯವಾಗಿ ಒಂದೇ ಮಾತ್ರೆ. ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಮಕ್ಕಳಿಗೆ ಕೊಡುವ ಜಂತುಹುಳು ಮಾತ್ರೆ ಇದೇ. ದೊಡ್ಡವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಬಸುರಿಯರು ಮೊದಲ ಮೂರು ತಿಂಗಳು ತೆಗೆದುಕೊಳ್ಳಬಾರದು.

ಮೂರನೆಯದನ್ನು ಗಂಡಸರು ಮತ್ತು ಮುಟ್ಟು ನಿಂತ ಹೆಂಗಸರು ಗಮನವಿಟ್ಟು ಓದಬೇಕು. ನಿಮ್ಮ ಎಚ್‌ಬಿ ಕಡಿಮೆಯಾದರೆ ಊಟದ ಮೇಲೆ ಹೊರಿಸಬೇಡಿ. ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ಕರುಳಿನ ಗೆಡ್ಡೆ ಇವುಗಳಿಂದ ರಕ್ತ ಸೋರುತ್ತಿರಬಹುದು. ಕಬ್ಬು ಕಡಿಯುವ ಕಾಲದಲ್ಲಿ ಮೈಕೈ ನೋವಿಗೆ ದಿನಾ ಮಾತ್ರೆ ನುಂಗುವವರನ್ನು ನಾನು ನೋಡಿದ್ದೇನೆ. ಆ ನೋವಿನ ಮಾತ್ರೆಗಳೇ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸುತ್ತವೆ. ಕಬ್ಬಿಣದ ಮಾತ್ರೆ ತಿನ್ನದೇ ಇದ್ದರೂ ಮಲ ಟಾರಿನಂತೆ ಕಪ್ಪಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಈಗ ತಟ್ಟೆಗೆ ಬರೋಣ

ತಿಂದ ಕಬ್ಬಿಣ ಹೊಟ್ಟೆಯ ಆಮ್ಲದಲ್ಲಿ ಕರಗಬೇಕು. ಆಮೇಲೆ ಸಣ್ಣ ಕರುಳಿನ ಶುರುವಿನ ಭಾಗದಲ್ಲಿ ಅದು ರಕ್ತಕ್ಕೆ ಸೇರುತ್ತದೆ. ಉದ್ದ ಸುಮಾರು ಒಂದು ಗೇಣು, ಅಷ್ಟೇ. ಅದನ್ನು ದಾಟಿ ಮುಂದೆ ಹೋದರೆ ಹೆಚ್ಚಿನದು ಮಲದಲ್ಲಿ ಹೋಗುತ್ತದೆ. ಹಾಗಾಗಿ ಆ ಒಂದು ಗೇಣಿನಲ್ಲಿ ಕಬ್ಬಿಣದ ಜೊತೆ ಯಾರಿದ್ದಾರೆ ಅನ್ನುವುದೇ ಮುಖ್ಯ.

ಮಟನ್, ಲಿವರ್, ಕೋಳಿ, ಮೀನಿನಲ್ಲಿರುವ ರಕ್ತದ ರೂಪದ ಕಬ್ಬಿಣ ಸುಲಭವಾಗಿ ಸೇರುತ್ತದೆ, 100ರಲ್ಲಿ 15ರಿಂದ 35 ಪಾಲಿನವರೆಗೆ. ರಾಗಿ, ಸೊಪ್ಪು, ಕಾಳಿನ ಕಬ್ಬಿಣ ಹಾಗಲ್ಲ. 100ರಲ್ಲಿ 5ರಿಂದ 10 ಸೇರಿದರೆ ಹೆಚ್ಚು. ಕಾರಣ, ಕಾಳುಕಡ್ಡಿಯ ಸಿಪ್ಪೆಯಲ್ಲಿ ಫೈಟೇಟ್ ಅನ್ನುವ ಪದಾರ್ಥ ಇದೆ. ಅದು ಕಬ್ಬಿಣವನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ರಾಗಿಯಲ್ಲಿ ಅದರ ಜೊತೆ ಟ್ಯಾನಿನ್ ಅನ್ನುವ, ಕಬ್ಬಿಣವನ್ನು ಹಾಗೇ ಕಟ್ಟಿಹಾಕುವ ಇನ್ನೊಂದು ಪದಾರ್ಥ ಇದೆ, ಕ್ಯಾಲ್ಸಿಯಂ ಕೂಡ ತುಂಬಾ ಇದೆ: 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ. ಕ್ಯಾಲ್ಸಿಯಂ ಮೂಳೆಗೆ ಒಳ್ಳೆಯದು, ಆದರೆ ಕಬ್ಬಿಣ ಸೇರುವುದಕ್ಕೆ ಅಡ್ಡ. ಇಷ್ಟಾದರೂ ಮುದ್ದೆ ಬಿಟ್ಟು ಅನ್ನಕ್ಕೆ ಹೋಗಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇದೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ.

ಫೈಟೇಟಿನ ಹಿಡಿತ ಬಿಡಿಸುವುದು ವಿಟಮಿನ್ ಸಿ. ಅದು ಕಬ್ಬಿಣವನ್ನು ಕರುಳು ಹೀರಿಕೊಳ್ಳುವ ರೂಪಕ್ಕೆ ತರುತ್ತದೆ. ಒಂದೇ ನಿಯಮ: ಅದು ಅದೇ ಊಟದಲ್ಲಿ ಇರಬೇಕು. ಬೆಳಿಗ್ಗೆ ಕಿತ್ತಳೆ ಹಣ್ಣು ತಿಂದು ರಾತ್ರಿ ಸೊಪ್ಪಿನ ಸಾರು ಉಂಡರೆ ಆ ಸಾರಿಗೆ ಪ್ರಯೋಜನ ಇಲ್ಲ.

ನಮ್ಮ ಉಪ್ಸಾರನ್ನೇ ತೆಗೆದುಕೊಳ್ಳಿ. ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಹುರುಳಿಕಾಳೋ ಅಲಸಂದೆಯೋ ಬೇಯಿಸಿ, ಬೆರಕೆ ಸೊಪ್ಪು ಹಾಕಿ, ಉಪ್ಪು ಹಾಕಿ, ಕಟ್ಟನ್ನು ಬಸಿದು ಇಟ್ಟುಕೊಳ್ಳುತ್ತಾರೆ. ಉಳಿದ ಕಾಳು, ಸೊಪ್ಪು ಪಲ್ಯಕ್ಕೆ. ಪಕ್ಕದಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹಾಕಿ ಅರೆದ ಖಾರ. ಬಿಸಿ ಮುದ್ದೆ ಮುರಿದು, ಕಟ್ಟಿನಲ್ಲಿ ಖಾರ ಕಲಸಿ, ಅದ್ದಿ ನುಂಗುವುದು. ಇದರಲ್ಲಿ ಮೂರು ಒಳ್ಳೆಯ ವಿಷಯ ಇದೆ. ಕಾಳು, ಸೊಪ್ಪು ಎರಡರಲ್ಲೂ ಕಬ್ಬಿಣ ಇದೆ. ಹುರುಳಿಯಲ್ಲಂತೂ ರಾಗಿಗಿಂತ ಜಾಸ್ತಿ. ಬೇಯಿಸಿದ ನೀರನ್ನು ಚೆಲ್ಲದೆ ಉಣ್ಣುವುದರಿಂದ, ಆ ನೀರಿಗೆ ಇಳಿದ ಫೋಲಿಕ್ ಆಸಿಡ್ ನಮಗೇ ಸಿಗುತ್ತದೆ. ಮೂರನೆಯದು ಬೆಳ್ಳುಳ್ಳಿ. ಮೈಸೂರಿನ ಸಿಎಫ್‌ಟಿಆರ್‌ಐ ಗೊತ್ತಲ್ಲ, 1950ರಿಂದ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ನಡೆಯುತ್ತಿರುವ ಆಹಾರ ಸಂಶೋಧನಾ ಸಂಸ್ಥೆ. ಅಲ್ಲಿನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಧಾನ್ಯ ಮತ್ತು ಕಾಳಿನ ಜೊತೆ ಈರುಳ್ಳಿ ಅಥವಾ ಬೆಳ್ಳುಳ್ಳಿ ಇದ್ದರೆ ಕಬ್ಬಿಣ ಮತ್ತು ಸತು ಹೆಚ್ಚು ಬಿಡುಗಡೆಯಾಗುತ್ತವೆ ಅಂತ ಕಂಡುಕೊಂಡರು. ಅದು ಪ್ರಯೋಗಾಲಯದ ಫಲಿತಾಂಶ, ಆದರೂ ನಮ್ಮ ಖಾರಕ್ಕೆ ಬೆಳ್ಳುಳ್ಳಿ ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಕೊರತೆ ಇರುವುದು ಒಂದೇ, ವಿಟಮಿನ್ ಸಿ. ಸೊಪ್ಪಿನಲ್ಲಿ ಇದ್ದದ್ದು ಬೇಯುವಾಗ ಬಹುಪಾಲು ಹೋಗಿರುತ್ತದೆ. ಹಾಗಾಗಿ ಬಟ್ಟಲಿಗೆ ಬಡಿಸಿಕೊಂಡ ಮೇಲೆ, ಉಣ್ಣುವ ಮುಂಚೆ ನಿಂಬೆಹಣ್ಣು ಹಿಂಡಿ. ಒಲೆಯ ಮೇಲೆ ಕುದಿಯುವಾಗ ಹಿಂಡಿದರೆ ಅದೂ ಬಿಸಿಗೆ ಹೋಗುತ್ತದೆ. ಹುಣಸೆಹುಳಿ ಹಾಕಿದೀವಲ್ಲ ಅಂತ ಕೇಳುತ್ತಾರೆ. ಹುಣಸೆಯಲ್ಲಿ ವಿಟಮಿನ್ ಸಿ ತುಂಬಾ ಕಡಿಮೆ, ಟ್ಯಾನಿನ್ ಬೇರೆ ಇದೆ. ರುಚಿಗೆ ಹಾಕಿ, ನಿಂಬೆಯ ಜಾಗಕ್ಕೆ ಅದನ್ನು ಇಡಬೇಡಿ.

ನಿಂಬೆಹಣ್ಣಿನ ಶಕ್ತಿಯನ್ನೂ ಹೆಚ್ಚು ಹೇಳಬಾರದು. ಅರ್ಧ ಹಣ್ಣಿನ ರಸದಲ್ಲಿ ವಿಟಮಿನ್ ಸಿ ಸುಮಾರು 10 ಮಿಲಿಗ್ರಾಂ. ಅದರ ಸಿಟ್ರಿಕ್ ಆಮ್ಲವೂ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಒಂದು ಸಾಧಾರಣ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ಹತ್ತಿರ ಇರುತ್ತದೆ! ಊಟದ ಕೊನೆಗೆ ಒಂದು ಸೀಬೆಹಣ್ಣು, ಇಲ್ಲವೇ ಊಟದ ಜೊತೆ ಒಂದು ಹಸಿ ಬೆಟ್ಟದ ನೆಲ್ಲಿಕಾಯಿ ಉಪ್ಪು ಹಚ್ಚಿಕೊಂಡು ತಿಂದರೆ ಸೊಪ್ಪಿನ ಕಬ್ಬಿಣ ಸೇರುವುದು ಒಂದೂವರೆ, ಎರಡು ಪಟ್ಟು ಹೆಚ್ಚಬಹುದು. ಅಕ್ಕನ ಹಿತ್ತಲಲ್ಲೇ ಸೀಬೆ ಮರ ಇತ್ತು. ಹಣ್ಣೆಲ್ಲ ಮಕ್ಕಳು ಸಂಜೆ ನಾಲ್ಕು ಗಂಟೆಗೆ ತಿಂದು ಮುಗಿಸುತ್ತಿದ್ದರು. ಈಗ ಮಧ್ಯಾಹ್ನದ ಊಟದ ಪಕ್ಕಕ್ಕೆ ಬಂದಿದೆ.

ಮಾಂಸ ತಿನ್ನುವ ಮನೆಯವರಿಗೆ ಒಂದು ಮಾತು. ಮಟನ್ ಅಥವಾ ಕೋಳಿ ಸಾರು ಮಾಡಿದ ದಿನ ಅದೇ ಊಟದಲ್ಲಿ ಸೊಪ್ಪಿನ ಪಲ್ಯ, ಕಾಳು ಕೂಡ ಇರಲಿ. ಮಾಂಸ ಪಕ್ಕದಲ್ಲಿದ್ದರೆ ಸೊಪ್ಪಿನ ಕಬ್ಬಿಣವೂ ಚೆನ್ನಾಗಿ ಸೇರುತ್ತದೆ. ಇನ್ನೊಂದು, ಬಾಡೂಟದಲ್ಲಿ ಹೆಂಗಸರು ಕೊನೆಗೆ ಕೂತು ಬರೀ ಸಾರು ಉಣ್ಣುವ ಪದ್ಧತಿ ಇನ್ನೂ ಎಷ್ಟೋ ಮನೆಯಲ್ಲಿದೆ. ತುಂಡು ಯಾರ ತಟ್ಟೆಗೆ ಮೊದಲು ಹೋಗಬೇಕು ಅಂದರೆ, ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವರ ತಟ್ಟೆಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು ನೋಡಿ: ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ, ಹೆಂಗಸಿಗೆ 29.

ನೆನೆಸಿ, ಮೊಳಕೆ ಕಟ್ಟಿ

ಕಾಳು ಮೊಳಕೆ ಬರುವಾಗ ತನ್ನ ಫೈಟೇಟನ್ನು ತಾನೇ ಒಡೆದುಕೊಳ್ಳುತ್ತದೆ, ಸ್ವಲ್ಪ ವಿಟಮಿನ್ ಸಿ ಕೂಡ ಹುಟ್ಟುತ್ತದೆ. ಹುರುಳಿಕಾಳು, ಹೆಸರುಕಾಳು ರಾತ್ರಿ ನೆನೆಹಾಕಿ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಾರನೇ ದಿನಕ್ಕೆ ಮೊಳಕೆ ಬಂದಿರುತ್ತದೆ. ಇಡ್ಲಿ, ದೋಸೆ ಹಿಟ್ಟು ಹುಳಿ ಬಂದಾಗಲೂ ಫೈಟೇಟ್ ಹೀಗೇ ಒಡೆಯುತ್ತದೆ. ರಾಗಿ ದೋಸೆ ಒಳ್ಳೆಯದು ಅನ್ನುವುದಕ್ಕೆ ಇದೇ ಕಾರಣ, ಆದರೆ ಹಿಟ್ಟು ರಾತ್ರಿಯೆಲ್ಲಾ ಹುದುಗಬೇಕು. ದಿಢೀರ್ ರಾಗಿ ದೋಸೆಗೆ ಆ ಗುಣ ಇಲ್ಲ.

ರಾಗಿಯನ್ನೂ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಸಿಕೊಳ್ಳಬಹುದು. ಆ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಬೇಡಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆದುಬಿಡುತ್ತದೆ, ಮುದ್ದೆ ನಿಲ್ಲದೆ ಅಂಬಲಿಯಂತೆ ಹರಡುತ್ತದೆ. ಅದು ಗಂಜಿಗೆ ಸರಿ. ಮಕ್ಕಳಿಗೆ, ಬಾಣಂತಿಯರಿಗೆ ಬಹಳ ಒಳ್ಳೆಯದು. ನಂಬಿಕೆ ಇರುವ ಕಬ್ಬಿಣದ ಬಾಣಲೆ ಮನೆಯಲ್ಲಿದ್ದರೆ ಪಲ್ಯ ಅದರಲ್ಲೇ ಮಾಡಿ, ಸ್ವಲ್ಪ ಕಬ್ಬಿಣ ಅಡುಗೆಗೂ ಇಳಿಯುತ್ತದೆ.

ಕಾಫಿಯ ಸಮಯ

ಅಕ್ಕನ ದಿನಚರಿಯಲ್ಲಿ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದು ಇಲ್ಲೇ. ಬೆಳಿಗ್ಗೆ ತಿಂಡಿ ಆದ ತಕ್ಷಣ ಕಾಫಿ. ಮಧ್ಯಾಹ್ನ ಮುದ್ದೆ ಉಂಡು ಅರ್ಧ ಗಂಟೆಗೆ ಟೀ. ನಮ್ಮ ಕಡೆ ಹೋಟೆಲಿನಲ್ಲಿ ಮಸಾಲೆ ದೋಸೆ ಮುಗಿಸಿ ಕಾಫಿ ಕುಡಿಯದೆ ಎದ್ದವರನ್ನು ನೋಡಿದ್ದೀರಾ? ಕಾಫಿ, ಟೀಯಲ್ಲಿರುವ ಟ್ಯಾನಿನ್‌ನಂಥ ಪದಾರ್ಥಗಳು ಕರುಳಿನಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತವೆ.

1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಸೇರುವುದು ಶೇ. 39ರಷ್ಟು ಕಡಿಮೆಯಾಯಿತು, ಟೀ ಕುಡಿದಾಗ ಶೇ. 64ರಷ್ಟು. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮುಂದಿನ ಮಾತು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿ ಏನೂ ತೊಂದರೆ ಮಾಡಲಿಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದದ್ದು ಮಾತ್ರ, ಊಟದ ಜೊತೆ ಕುಡಿದಷ್ಟೇ ತೊಂದರೆ ಮಾಡಿತು. ಯಾಕೆಂದರೆ ಆಗಲೂ ಊಟ ಹೊಟ್ಟೆಯಲ್ಲೇ ಇರುತ್ತದೆ.

ಹಾಗಾಗಿ ಕಾಫಿ ಬಿಡಿ ಅಂತ ಹೇಳುತ್ತಿಲ್ಲ. ಎದ್ದ ಕೂಡಲೇ ಆರು ಗಂಟೆಗೆ ಕುಡಿಯಿರಿ, ತಿಂಡಿ ಎಂಟಕ್ಕೆ. ಎರಡನೇ ಕಾಫಿ ಹನ್ನೊಂದಕ್ಕೆ. ಮಧ್ಯಾಹ್ನ ಒಂದೂವರೆಗೆ ಊಟ, ಟೀ ನಾಲ್ಕಕ್ಕೆ. ಊಟವಾದ ಮೇಲೆ ಎರಡು ಗಂಟೆ ದೂರ ಇಟ್ಟರೆ ಸಾಕು. ಮಜ್ಜಿಗೆ, ಮೊಸರಿಗೂ ಇದೇ ಯೋಚನೆ ಮಾಡಿ. ಮೊಸರಿನ ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ಆದರೆ ಇದರಲ್ಲಿ ತೀರಾ ಬಿಗಿಯಾಗಬೇಡಿ. ದಿನದ ಒಂದು ಊಟವನ್ನು ಕಬ್ಬಿಣಕ್ಕೆ ಅಂತ ಮೀಸಲಿಡಿ, ಆ ಊಟದಲ್ಲಿ ಮೊಸರು ಬೇಡ. ಇನ್ನೊಂದು ಊಟದಲ್ಲಿ ಧಾರಾಳವಾಗಿ ತಿನ್ನಿ. ಮಾಂಸ, ಮೊಟ್ಟೆ ತಿನ್ನದವರಿಗೆ ಬಿ12 ಸಿಗುವುದೇ ಹಾಲು, ಮೊಸರಿನಿಂದ. ನಾಲಿಗೆ ಉರಿ, ಪಾದ ಜುಮ್ಮೆನ್ನುವುದು ಇದ್ದರೆ ಬಿ12 ಪರೀಕ್ಷೆ ಮಾಡಿಸಿ.

ಬೆಳಗೆದ್ದು ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರು ಈಗ ಮನೆಗೊಬ್ಬರು. ಆಮ್ಲ ಕಡಿಮೆಯಾದರೆ ಕಬ್ಬಿಣ ಕರಗುವುದಿಲ್ಲ. ವರ್ಷಗಟ್ಟಲೆ ತಿಂದರೆ ಬಿ12 ಕೂಡ ಕಡಿಮೆಯಾಗಬಹುದು. ನಿಮಗೆ ಅದು ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ. ನೀವೇ ನಿಲ್ಲಿಸಬೇಡಿ.

ಬೀಟ್‌ರೂಟು, ದಾಳಿಂಬೆ, ಬೆಲ್ಲ

ಕೆಂಪಗಿದೆ ಅಂತ ರಕ್ತ ಬರುವುದಿಲ್ಲ. ಬೀಟ್‌ರೂಟಿನ ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧ ಇಲ್ಲ, 100 ಗ್ರಾಂನಲ್ಲಿ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ದಾಳಿಂಬೆಯೂ ಅಷ್ಟೇ. ಎರಡೂ ಒಳ್ಳೆಯ ಆಹಾರ, ಔಷಧಿ ಅಲ್ಲ. ಮಂಡ್ಯದ ಬೆಲ್ಲದ ಬಗ್ಗೆ ಹೇಳುವಾಗ ನನಗೂ ಸ್ವಲ್ಪ ಸಂಕಟ ಆಗುತ್ತದೆ. ಬೆಲ್ಲದಲ್ಲಿ ಕಬ್ಬಿಣ ಇದೆ, ಸಕ್ಕರೆಗಿಂತ ವಾಸಿ. ಆದರೆ ಒಂದು ಸಣ್ಣ ತುಂಡಿನಲ್ಲಿ ಸಿಗುವುದು ಅರ್ಧ ಮಿಲಿಗ್ರಾಂನಷ್ಟು. ದಿನದ ಅಗತ್ಯವನ್ನು ಬೆಲ್ಲದಿಂದಲೇ ತುಂಬಲು ಹೋದರೆ ಸಕ್ಕರೆ ಕಾಯಿಲೆ ಮೊದಲು ಬರುತ್ತದೆ.

ಮಾತ್ರೆ ತೆಗೆದುಕೊಳ್ಳುವ ಕ್ರಮ

ಎಚ್‌ಬಿ 8.6ಕ್ಕೆ ಇಳಿದ ಮೇಲೆ ಬರೀ ಊಟದಿಂದ ಮೇಲೆ ಬರುವುದು ಕಷ್ಟ. ಮಾತ್ರೆ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ಹೈಸ್ಕೂಲ್ ಮಕ್ಕಳಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲೂ ಅಷ್ಟೇ. ನಮ್ಮ ಶಾಲೆಯಲ್ಲಿ ಕೆಲವು ಹುಡುಗಿಯರು ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಹೊರಗೆ ಹೋಗಿ ಉಗಿಯುತ್ತಾರೆ. ಕಾರಣ ಕೇಳಿದರೆ "ವಾಂತಿ ಬರುತ್ತೆ ಮಿಸ್" ಅನ್ನುತ್ತಾರೆ. ಬೈದು ಪ್ರಯೋಜನ ಇಲ್ಲ. ಬಿಸಿಯೂಟ ಆದ ಮೇಲೆ ಕೊಟ್ಟರೆ ವಾಂತಿ ಕಡಿಮೆ.

ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಸೇರುತ್ತದೆ. ಹೊಟ್ಟೆ ತೊಳಸಿದರೆ ಸ್ವಲ್ಪ ತಿಂದು ತೆಗೆದುಕೊಳ್ಳಿ. ನಿಂಬೆ ಪಾನಕದ ಜೊತೆ ನುಂಗಿ, ಹಾಲು, ಕಾಫಿ, ಟೀ ಜೊತೆ ಬೇಡ. ಬಸುರಿಯರಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಬೇಡಿ. ಒಂದು ಬೆಳಿಗ್ಗೆ, ಒಂದು ರಾತ್ರಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಮಲಬದ್ಧತೆ ಆದರೆ ನೀರು, ಸೊಪ್ಪು ಜಾಸ್ತಿ ಮಾಡಿ. ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಿ. ದಿನ ಬಿಟ್ಟು ದಿನ ತೆಗೆದುಕೊಳ್ಳುವ ಕ್ರಮವೂ ಇದೆ. ಒಂದು ಡೋಸ್ ಆದ ಮೇಲೆ ದೇಹದಲ್ಲಿ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರಿ, ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚುತ್ತದೆ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ದಿನ ಬಿಟ್ಟು ದಿನ ನುಂಗಿದ ಹೆಂಗಸರಿಗೆ ಕಬ್ಬಿಣ ಹೆಚ್ಚು ಸೇರಿತ್ತು. ನಿಮಗೆ ಯಾವುದು ಸರಿ ಅಂತ ಡಾಕ್ಟರು ಹೇಳಲಿ.

ಜ್ವರ, ಸೋಂಕು ಇದ್ದಾಗಲೂ ಇದೇ ಹೆಪ್ಸಿಡಿನ್ ಏರುತ್ತದೆ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು, ಅವಕ್ಕೆ ಸಿಗದಂತೆ ದೇಹ ಬೀಗ ಹಾಕುತ್ತದೆ. ನಮ್ಮ ರೋಗನಿರೋಧಕ ಶಕ್ತಿಯ ಜಾಣತನ ಇದು. ಆದರೆ ಕಬ್ಬಿಣಾಂಶ ತೀರಾ ಕಡಿಮೆಯಾದರೆ ರೋಗದ ವಿರುದ್ಧ ಹೋರಾಡುವ ಬಿಳಿ ಕಣಗಳೂ ಬಲ ಕಳೆದುಕೊಳ್ಳುತ್ತವೆ. ಜೋರು ಜ್ವರ ಇರುವಾಗ ಮಾತ್ರೆ ಮುಂದುವರಿಸಬೇಕಾ, ನಾಲ್ಕು ದಿನ ಬಿಡಬೇಕಾ ಅಂತ ಕೇಳಿಕೊಳ್ಳಿ.

ಮಾತ್ರೆಯ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿ, ಮುಚ್ಚಿ ಇಡಿ. ಕೆಂಪು ಮಾತ್ರೆ ಚಾಕೊಲೇಟ್ ಥರ ಕಾಣುತ್ತದೆ. ಸಣ್ಣ ಮಗು ಹತ್ತು, ಹದಿನೈದು ನುಂಗಿದರೆ ಪ್ರಾಣಕ್ಕೇ ಅಪಾಯ. ನುಂಗಿದೆ ಅಂತ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಮತ್ತೆ ಪರೀಕ್ಷೆ ಯಾವಾಗ?

ನಾಲ್ಕು ವಾರ ಬಿಟ್ಟು. ಮಾತ್ರೆ ಕೆಲಸ ಮಾಡುತ್ತಿದ್ದರೆ ಎಚ್‌ಬಿ 1ರಿಂದ 2 ಏರಿರಬೇಕು. ಏರಿಲ್ಲ ಅಂದರೆ ಡೋಸ್ ಹೆಚ್ಚಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಮಾತ್ರೆ ನಿಜವಾಗಿ ತೆಗೆದುಕೊಂಡಿರಾ? ರಕ್ತ ಇನ್ನೂ ಎಲ್ಲಾದರೂ ಸೋರುತ್ತಿದೆಯಾ? ಕಾರಣ ಬೇರೆ ಏನಾದರೂ ಇದೆಯಾ, ಬಿ12 ಕೊರತೆ, ಥೈರಾಯ್ಡ್, ಹುಟ್ಟಿನಿಂದ ಬರುವ ಥಲಸ್ಸೀಮಿಯಾ ಮೈನರ್? ಥಲಸ್ಸೀಮಿಯಾ ಮೈನರ್ ಇರುವವರಲ್ಲೂ ಎಂಸಿವಿ ಕಡಿಮೆ ಇರುತ್ತದೆ, ಆದರೆ ಅವರಿಗೆ ಕಬ್ಬಿಣ ಕೊರತೆ ಇಲ್ಲದಿದ್ದರೆ ವರ್ಷಗಟ್ಟಲೆ ಮಾತ್ರೆ ತಿಂದು ಉಪಯೋಗ ಇಲ್ಲ.

ಎಚ್‌ಬಿ 12 ಮುಟ್ಟಿದ ದಿನವೇ ಮಾತ್ರೆ ನಿಲ್ಲಿಸುವವರು ಬಹಳ. ಅಲ್ಲಿಗೆ ರಕ್ತ ಸರಿಯಾಗಿರುತ್ತದೆ, ಉಗ್ರಾಣ ಇನ್ನೂ ಖಾಲಿ ಇರುತ್ತದೆ. ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ.

ಅಕ್ಕನಿಗೆ ಒಂದು ತಿಂಗಳಿಗೆ 10.3 ಬಂತು, ಯುಗಾದಿ ಕಳೆದು ಸ್ವಲ್ಪ ದಿನಕ್ಕೆ 12.1. ಹಸಿ ಅಕ್ಕಿ ತಿನ್ನುವುದು ಅದಕ್ಕೂ ಮುಂಚೆ, ಎರಡನೇ ವಾರದಲ್ಲೇ ನಿಂತಿತ್ತು. "ಅಕ್ಕಿ ಕಂಡ್ರೂ ಆಸೆನೇ ಆಯ್ತಿಲ್ಲ ಕಣೆ" ಅಂತ ಫೋನಿನಲ್ಲಿ ಅವಳೇ ಹೇಳಿದಳು. ಆಮೇಲೆ ಮೂರು ತಿಂಗಳು ಮಾತ್ರೆ ಮುಂದುವರಿಸಿದಳು. ಈ ಸಂಕ್ರಾಂತಿಗೆ ಊರಿನ ಇಪ್ಪತ್ತಮೂರು ಮನೆಗೂ ಅವಳೇ ಎಳ್ಳು ಬೀರಿ ಬಂದಳು. ಬಂದವಳು ಕಾಫಿ ಕೇಳಿದಾಗ ಗಡಿಯಾರ ನೋಡಿದೆ. ಹನ್ನೊಂದೂಕಾಲು. ಊಟಕ್ಕೆ ಇನ್ನೂ ಎರಡು ಗಂಟೆ ಇತ್ತು, ಮಾಡಿಕೊಟ್ಟೆ.